ಶಾಶ್ವತವಾಗಿ ಮುಚ್ಚಿದೆ

ಅಕ್ಕನ ಅಂಗಡಿ ತೆರೆದೇ ಇತ್ತು. ಅದು ಶಾಶ್ವತವಾಗಿ ಮುಚ್ಚಿದೆ ಎಂದು ಅವಳ ತಮ್ಮನೇ ಫೋನಿನ ನಕ್ಷೆಯಲ್ಲಿ ಹಾಕಿಸಿದ್ದ. ಒಂದು ಕಾಲು ಗಿಡ್ಡವಿದ್ದವರಿಗೆ ಅಳತೆ ನೋಡಿ ಬೂಟು ಹೊಲಿಯುವ ಅಂಗಡಿ ಅದು. ಗಿರಾಕಿ ಬರದೆ ಈಗ ನಿಜಕ್ಕೂ ಮುಚ್ಚಲು ಹೊರಟು, ಅದರ ಕರೆಂಟು ತೆಗೆಸಲು ಇಬ್ಬರೂ ವಿದ್ಯುತ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಅಕ್ಕ ಆಗಷ್ಟೇ ಅವನ ಫೋನಿನಲ್ಲಿ ಆ ಬರಹವನ್ನು ಕಂಡಿದ್ದಳು.

“ಯಾರೋ ಇದನ್ನ ಹಾಕಿದ್ದು?”

“ನಾನೇ. ಮಳೆಗಾಲದಿಂದ ಹಂಗೇ ಇದೆ. ಒಂದ್ಸಲನಾದ್ರೂ ನೋಡ್ಕೊಂಡ್ಯಾ?”

“ದಿನಾ ಬಾಗಿಲು ತೆಗೆದು ಕೂತಿದ್ನಲ್ಲೋ. ಬೋರ್ಡ್ ಇತ್ತು.”

“ಬೋರ್ಡ್ ಓದೋಕೆ ನಿನ್ನ ಬೀದಿಗೆ ಬರ್ಬೇಕಲ್ಲ. ಜನ ಮೊದಲು ಫೋನಲ್ಲಿ ಹುಡುಕ್ತಾರೆ ಕಣೇ.”

“ದೂರದಿಂದ ಬರ್ತಿದ್ದ ಆ ಟೀಚರಮ್ಮ ಬರೋದೇ ಬಿಟ್ರು. ನನ್ನ ಹೊಲಿಗೆ ಕೆಟ್ಟಿದೆ ಅಂದ್ಕೊಂಡು ಅಳ್ತಿದ್ದೆ.”

“ಅವರು ನನ್ನ ಬೂಟಿನ ಅಂಗಡಿಗೆ ಬಂದ್ರು. ನಿಮ್ಮಕ್ಕ ತೀರ್ಕೊಂಡ್ರಾ ಅಂತ ಕೇಳಿದ್ರು.”

“ನೀನೇನಂದೆ?”

“ಪಾಪ ಅಂದೆ.”

ಅವಳು ಫೋನನ್ನು ಕಣ್ಣ ಹತ್ತಿರ ಹಿಡಿದಳು. “ನಿನ್ನ ಅಂಗಡಿ ಫೋಟೋದಲ್ಲಿರೋದು ನಾನು ಹೊಲಿದ ಬೂಟು!”

“ಚೆನ್ನಾಗಿ ಬಂದಿದೆ ಅಲ್ವಾ? ಅದಕ್ಕೇ ಕರೀತಿರೋದು, ನನ್ನ ಅಂಗಡಿ ಒಳಗಿನ ರೂಮಲ್ಲಿ ಕೂತು ಹೊಲಿ. ಗಿರಾಕಿ ಬಂದಾಗ ಮಾತ್ರ ಆಚೆ ಬರ್ಬೇಡ. ಸತ್ತೋಳು ಎದ್ದು ಬಂದ್ಲು ಅಂತ ಹೆದರ್ಕೊಂಡಾರು.”

ಕಿಟಕಿಯಿಂದ ಗುಮಾಸ್ತ ಅರ್ಜಿ ಮುಂದೆ ಚಾಚಿದ. “ಇಲ್ಲಿ ಸಹಿ ಹಾಕಮ್ಮ. ನಾಳೆ ಲೈನ್ ತೆಗೀತಾರೆ.”

“ಹಾಕು ಬೇಗ, ಹಿಂದೆ ಜನ ಇದಾರೆ,” ಎಂದು ತಮ್ಮ ಪೆನ್ನು ಕೊಟ್ಟ.

ಅವಳು ಆ ಪೆನ್ನನ್ನು ಅವನ ಜೇಬಿಗೇ ವಾಪಸ್ ಸಿಕ್ಕಿಸಿದಳು.

“ಹಾಕಲ್ಲ. ಟೀಚರಮ್ಮನ ಮನೆಗೆ ಹೋಗ್ತೀನಿ. ನಾನಿನ್ನೂ ಬದುಕಿದೀನಿ, ಅಂಗಡಿ ತೆರೆದಿದೆ ಅಂತ ಅವರ ಫೋನಿಂದಲೇ ಬರೆಸ್ತೀನಿ.”