ಫೈವಲ್ ಇಲ್ಲೇ ಇರಲಿ

…ಬೇಡ ಅಂದ್ರೆ ಬೇಡ, ಓಫಿರ್. ಇನ್ಯಾರನ್ನ ಬೇಕಾದ್ರೂ ಇಸ್ರೇಲಲ್ಲಿ ನೆಲೆಸೋಕೆ ಕರ್ಕೊಂಡು ಹೋಗು, ನಿನ್ನ ಸಂಸ್ಥೆಯವರು ಇಷ್ಟು ದೂರ ಈ ಚಳಿ ಊರು ಸಡ್ಬರಿಗೆ ಕಳಿಸಿರೋದೇ ಅದಕ್ಕಲ್ವಾ. ಫೈವಲ್ ಒಬ್ಬನನ್ನ ಬಿಟ್ಬಿಡು. ಅವನೇ ಬಂದು ಕೇಳಿದ್ನಾ? ಕೇಳ್ತಾನೆ, ಮಗಳು ಅಲ್ಲೇ ಹೈಫಾದಲ್ಲಿದ್ದಾಳೆ. ಕೇಳಿದ್ದೆಲ್ಲ ಕೊಡೋಕಾಗುತ್ತಾ? ತಗೋ, ಹೆರಿಂಗ್ ಮೀನು ತಿನ್ನು. ಈರುಳ್ಳಿ ಹಾಕ್ಕೊ.

ಅವನಿಗೆ ಬಿಸಿಲು ಆಗಿಬರಲ್ಲಪ್ಪಾ. ಇಲ್ಲೇ ಜುಲೈ ತಿಂಗಳಲ್ಲಿ ಕೊಡೆ ಹಿಡ್ಕೊಂಡು ಓಡಾಡ್ತಾನೆ. ಅಲ್ಲಿ ಒಂದೇ ವಾರಕ್ಕೆ ಸುಟ್ಟ ಬದನೆಕಾಯಿ ಆಗ್ತಾನೆ… ಯಾಕೆ ನಗ್ತೀಯ? ಭಾಷೆ? ಪ್ರಾರ್ಥನೆಯ ಹೀಬ್ರೂ ಬಂದ್ರೆ ಸಾಕಾ? ಮಾರ್ಕೆಟ್ಟಲ್ಲಿ ಟೊಮೆಟೊ ಕೇಳೋಕೆ ಹೋಗಿ ‘ಓ ಜಗದೊಡೆಯಾ, ನಮ್ಮ ಮೇಲೆ ಕರುಣೆಯಿಟ್ಟು’ ಅಂತ ಶುರು ಮಾಡ್ತಾನೆ. ಅಂಗಡಿಯವನು ಹೆಂಡತಿ ಮಕ್ಕಳನ್ನೆಲ್ಲ ಕರೆದು ತೋರಿಸ್ತಾನೆ.

ಮತ್ತೆ ಆ ಕಂಠ… ಬೆಳಗ್ಗೆ ಪ್ರಾರ್ಥನೆಲಿ ಕೇಳಿದೆಯಲ್ಲ? ಎಷ್ಟೋ ವರ್ಷದಿಂದ ಅದೇ ರಾಗ, ಅದೇ ಅಪಸ್ವರ. ನಾನು ತಿದ್ತೀನಿ, ಅವನು ಇನ್ನೂ ಜೋರಾಗಿ ಹಾಡ್ತಾನೆ. ಆಮೇಲೆ ಇಲ್ಲೇ ಕೂತು, ಮೀನು ಖಾಲಿಯಾಗೋವರೆಗೂ ಜಗಳ. ಅಲ್ಲಿಯವರಿಗೆ ಇರೋ ತಾಪತ್ರಯ ಸಾಲದು ಅಂತ ಇವನನ್ನೂ ಕಳಿಸಬೇಕಾ?

ನನಗೇನೂ ಸ್ವಾರ್ಥ ಇಲ್ಲ. ಹೆಶೆಲ್ ಎಂಥವನು ಅಂತ ಊರಲ್ಲಿ ಯಾರನ್ನಾದ್ರೂ ಕೇಳು. ಈ ಸಿನಗಾಗ್‌ನ ಅಧ್ಯಕ್ಷ ನಾನು, ನನ್ನ ಚಿಂತೆ ನನಗೆ. ಹತ್ತು ಗಂಡಸರು ಸೇರದೆ ಪೂರ್ತಿ ಪ್ರಾರ್ಥನೆ ಇಲ್ಲ, ತೀರಿಕೊಂಡ ಅಪ್ಪನಿಗೆ ಮಗ ಕದ್ದಿಶ್ ಪ್ರಾರ್ಥನೆ ಹೇಳೋ ಹಾಗಿಲ್ಲ, ನಿನಗೆ ಗೊತ್ತಿಲ್ದೇ ಇರೋದಾ? ಇಲ್ಲಿರೋದು ಸರಿಯಾಗಿ ಹತ್ತು ಜನ. ಫೈವಲ್ ಹೋದ್ರೆ ಒಂಬತ್ತು. ಬಾಗಿಲಿಗೆ ಬೀಗ. ಆ ಪಾಪ ನಿನ್ನ ತಲೆಗೆ ಬರುತ್ತಪ್ಪಾ.

…ಆ ಕಡೆ ಏನು ನೋಡ್ತೀಯ? ಪ್ರಾರ್ಥನೆ ಮುಗಿಸಿ ಕೂತವರು, ತಿನ್ನಲಿ ಬಿಡು. ತುಟಿ ಯಾಕೆ ಅಲ್ಲಾಡ್ತಿದೆ? ‘ಒಂದಲ್ಲ, ಎರಡಲ್ಲ, ಮೂರಲ್ಲ’ ಅಂತಾನಾ? ಬೇಡ, ಬೇಡ, ಜನರನ್ನ ಎಣಿಸಬಾರದು, ದೃಷ್ಟಿ ತಾಗುತ್ತೆ. ‘ಅಲ್ಲ’ ಸೇರಿಸಿದ್ರೆ ದೋಷ ಇಲ್ಲ, ಗೊತ್ತು, ನಮ್ಮಜ್ಜಿನೂ ಹಾಗೇ ಎಣಿಸ್ತಿದ್ಳು, ಆದ್ರೂ ಬೇಡ… ಆ ಬಾಗಿಲ ಹತ್ರ ಕೂತಿರೋನು ಲೆಕ್ಕಕ್ಕಿಲ್ಲ. ಹೊಸ ಡಾಕ್ಟರು, ಮೊನ್ನೆ ಮೊನ್ನೆ ಊರಿಗೆ ಬಂದ… ಯಹೂದಿನೇ. ಹೌದು. ಪ್ರತಿ ವಾರ ಬರ್ತಾನೆ.

ಸರಿ. ನಿನ್ನ ಬಿಟ್ಟು, ನನ್ನೂ ಸೇರಿಸಿ ಹನ್ನೊಂದು. ಫೈವಲ್ ಹೋದ್ರೂ ಹತ್ತು ಉಳಿಯುತ್ತೆ. ಬೀಗ ಬೀಳಲ್ಲ.

ಹಾಗೆ ನೋಡ್ಬೇಡ ಮಾರಾಯ… ಆ ಡಾಕ್ಟರು ತುಂಬ ಒಳ್ಳೆಯವನು. ನಾನು ತಿದ್ದಿದ್ರೆ ‘ಹೌದು ಸಾರ್, ನೀವು ಹೇಳಿದ್ದೇ ಸರಿ’ ಅಂತಾನೆ. ಅಂಥವನ ಜೊತೆ ನಾನು ಹೇಗಪ್ಪಾ ಜಗಳ ಆಡ್ಲಿ?