ಅರವತ್ತೊಂದನೇ ಖೋಟಾ ನಾಣ್ಯದ ಜಾಗದಲ್ಲಿ ಅಸಲಿ ನಾಣ್ಯ ಸಿಕ್ಕ ಬಗ್ಗೆ

ನಾನು, ಮನೆಯಲ್ಲೂ ಅಂಗಡಿಯಲ್ಲೂ ಕಪಿ ಎಂದು ಕರೆಸಿಕೊಳ್ಳುವವಳು, ವಯಸ್ಸು ಇಪ್ಪತ್ತೆರಡು, ಕಸುಬು ತಕ್ಕಡಿ ರಿಪೇರಿ, ವಾಸ ಗಡಿಯಾರದ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಠಾಣೆಗೆ ನನ್ನ ಕಾಲಲ್ಲೇ ನಡೆದು ಬಂದು, ಮನೆಗೆ ಹೋಗಮ್ಮ ಎಂದು ಮೂರು ಸಲ ಹೇಳಿಸಿಕೊಂಡ ಮೇಲೂ ಹೋಗದೆ, ಈ ಮೂಲಕ ತಿಳಿಸುವುದೇನೆಂದರೆ:

ನಾನು ಆರು ವರ್ಷದಿಂದ ಖೋಟಾ ನಾಣ್ಯ ಕೂಡಿಸುತ್ತಿದ್ದೇನೆ. ಮಾಡುವುದಿಲ್ಲ, ಚಲಾಯಿಸುವುದೂ ಇಲ್ಲ. ಯಾರಿಗಾದರೂ ಖೋಟಾ ಬಂದು ಮುಖ ಸಪ್ಪೆಯಾದರೆ, ಅವರಿಗೆ ಅಸಲಿ ಒಂದು ಕೊಟ್ಟು ಅದನ್ನು ತೆಗೆದುಕೊಳ್ಳುತ್ತೇನೆ. ಲೋಕ ಉಲ್ಟಾ ವ್ಯಾಪಾರ ಮಾಡಿ ಬದುಕುತ್ತೆ, ನಮ್ಮ ಮನೇಲಿ ಹುಟ್ಟಿದ್ದು ಮಾತ್ರ ಹೀಗೆ ಎಂಬುದು ಅಮ್ಮನ ಅಭಿಪ್ರಾಯ. ಒಟ್ಟು ನಾಣ್ಯ ನೂರ ಮೂವತ್ತೇಳು, ಎಲ್ಲವೂ ಐದು ರೂಪಾಯಿಯವು. ಐದು ಮೊಟ್ಟೆ ಟ್ರೇಗಳಲ್ಲಿ, ಗುಳಿಗೊಂದರಂತೆ ಇಟ್ಟಿದ್ದೇನೆ. ಪ್ರತಿ ನಾಣ್ಯದ ಕೆಳಗೆ ಒಂದು ಚೀಟಿ: ಸಂಖ್ಯೆ, ಸಿಕ್ಕ ತಾರೀಖು, ಜಾಗ, ತೂಕ, ಐಬು. ಬರವಣಿಗೆ ನನ್ನ ಅಕ್ಕನದು, ಏಕೆಂದರೆ ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ. ನಾಣ್ಯದ ಮೇಲೆ ಮಾತ್ರ ಯಾವ ಗುರುತೂ ಹಾಕುವುದಿಲ್ಲ. ಕೆರೆದ ನಾಣ್ಯ ಸಾಕ್ಷಿ ಹೇಳುವುದಿಲ್ಲ.

ಅಸಲಿ ಸರಿಯಾಗಿ ಆರು ಗ್ರಾಂ ತೂಗುತ್ತದೆ, ಖೋಟಾ ಐದೂವರೆಯ ಸುಮಾರು. ಕಲ್ಲಿನ ಮೇಲೆ ಹಾಕಿದರೆ ಅಸಲಿ ಠಣ್ ಎನ್ನುತ್ತದೆ, ಖೋಟಾ ತಪ್ ಎನ್ನುತ್ತದೆ. ನೋಡುತ್ತಾ ಹೋದರೆ ಮಾಡಿದವರ ಕೈ ಗೊತ್ತಾಗುತ್ತದೆ. ಅಂಚನ್ನು ಎಡಕ್ಕೇ ಓರೆಯಾಗಿ ಉಜ್ಜುವವನಿಗೆ ಎಡಚ ಎಂದೂ, ನಾಣ್ಯದ ಕೆಳಭಾಗದ ಎಲೆ ಚಿತ್ರದ ಅಚ್ಚು ಸೀಳಿದ್ದರೂ ಅದರಲ್ಲೇ ಹೊಡೆಯುತ್ತಿರುವ ಸೋಮಾರಿಗೆ ಎಲೆಹರುಕ ಎಂದೂ ಹೆಸರಿಟ್ಟಿದ್ದೇನೆ.

ಈ ತಿಂಗಳ ಮೂರನೇ ತಾರೀಖು ಸಂಜೆ ಆರಕ್ಕೆ, ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುವ ನನ್ನ ಅಕ್ಕನ ಗಲ್ಲಾದಲ್ಲಿ ಹನ್ನೊಂದು ಖೋಟಾ ನಾಣ್ಯ ಸಿಕ್ಕವು. ಎಲ್ಲವೂ ಎಲೆಹರುಕನವು. ಅಲ್ಲಿನ ಮ್ಯಾನೇಜರು, ಮನೇಲಿ ತಂಗಿ ರಾಶಿ ಹಾಕ್ಕೊಂಡು ಕೂತಿದ್ದಾಳೆ, ಅಕ್ಕ ತಂದು ಇಲ್ಲಿ ಬದಲಾಯಿಸ್ತಾಳೆ, ಇದಕ್ಕೆ ಬೇರೆ ಪಂಚಾಯ್ತಿ ಬೇಕಾ ಎಂದು ಎಲ್ಲರೆದುರು ಕೇಳಿ ಅಕ್ಕನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆ ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ. ಅಕ್ಕ ನನ್ನನ್ನು ಬೈಯಲಿಲ್ಲ. ಚೀಟಿ ಬರೆಯುವ ಆರು ಪೆನ್ಸಿಲ್‌ಗಳನ್ನೂ ಮುಂದಿಟ್ಟುಕೊಂಡು, ಬೆರಳುದ್ದ ಆಗುವವರೆಗೆ ಹೆರೆದಳು.

ಆರನೇ ತಾರೀಖು ನಾನು ಟ್ರೇಗಳನ್ನು ಜಾಲಾಡಿದಾಗ ಅರವತ್ತೊಂದನೇ ಗುಳಿಯಲ್ಲಿ ಎಲೆಹರುಕನ ಒಂದು ನಾಣ್ಯ ಸಿಕ್ಕಿತು. ಅದು ಎರಡು ವರ್ಷದ ಹಿಂದೆ ಅದೇ ಈಜುಕೊಳದ ಅದೇ ಕಿಟಕಿಯಲ್ಲಿ ನನಗೆ ಚಿಲ್ಲರೆಯಾಗಿ ಬಂದದ್ದು. ತಾರೀಖು ಒತ್ತಿದ ಟಿಕೆಟ್ ಚೂರೂ ಜೊತೆಗಿತ್ತು. ಅಕ್ಕ ಕೆಲಸಕ್ಕೆ ಸೇರಿ ಏಳು ತಿಂಗಳಷ್ಟೇ. ಅಂದರೆ ಅವಳು ಆ ಕಿಟಕಿಯ ಮುಖ ನೋಡುವ ಮೊದಲೇ ಆ ಕಿಟಕಿ ಎಲೆಹರುಕನ ನಾಣ್ಯ ಹಂಚುತ್ತಿತ್ತು. ಇದನ್ನು ಹೇಳಿದಾಗ ಅಕ್ಕ ಮೂರು ದಿನದಲ್ಲಿ ಮೊದಲ ಸಲ ತಲೆ ಬಾಚಿಕೊಂಡಳು.

ಒಂಬತ್ತನೇ ತಾರೀಖು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಮ್ಯಾನೇಜರ ಮಾತಿನ ಮೇಲೆ, ಠಾಣೆಯ ಸಾಹೇಬರೂ ಅಲ್ಲಿ ದಾಖಲೆ ಬರೆಯುವ ಬರಹಗಾರರೂ ಮನೆಗೆ ಬಂದು ಐದೂ ಟ್ರೇ ಜಪ್ತಿ ಮಾಡಿದರು. ಒಂದೊಂದು ನಾಣ್ಯದ ಐಬನ್ನೂ ಪಟ್ಟಿಯಲ್ಲಿ ಬರೆಯಬೇಕೆಂದು ನಾನು ಹಟ ಹಿಡಿದೆ. ಬರಹಗಾರರು, ಏನಮ್ಮ, ನನ್ನ ಮಗಳ ಮದುವೇಗೂ ಇಷ್ಟು ಪಟ್ಟಿ ಬರೆದಿಲ್ಲ ಎಂದರು. ಬರೀರಿ ಸಾರ್, ಕೈ ಪಳಗುತ್ತೆ ಎಂದೆ. ಎರಡೂವರೆ ಗಂಟೆ ಹಿಡಿಯಿತು. ಅರವತ್ತೊಂದರ ಮುಂದೆ ‘ಕೆಳ ಎಲೆ ಸೀಳಿದೆ, ಟಿಕೆಟ್ ಚೂರು ಸಹಿತ’ ಎಂದು ಅವರದೇ ಕೈಬರಹವಿದೆ.

ಹನ್ನೆರಡನೇ ತಾರೀಖು ಮಧ್ಯಾಹ್ನ ನಾಲ್ಕು ಹತ್ತಕ್ಕೆ, ನಾನು ನಾಣ್ಯ ಮಾಡಿದ್ದಕ್ಕಾಗಲಿ ಚಲಾಯಿಸಿದ್ದಕ್ಕಾಗಲಿ ಆಧಾರವಿಲ್ಲವೆಂದು ಸಾಹೇಬರು ಟ್ರೇಗಳನ್ನು ವಾಪಸು ಕೊಟ್ಟರು. ಸಹಿ ಹಾಕಿ ಅಂಗಡಿಗೆ ಒಯ್ದು ಎಲ್ಲವನ್ನೂ ತೂಗಿದೆ. ಎಣಿಕೆ ಸರಿಯಿತ್ತು. ಆದರೆ ಅರವತ್ತೊಂದು ಆರು ಗ್ರಾಂ ತೂಗಿತು. ಕಲ್ಲಿನ ಮೇಲೆ ಹಾಕಿದರೆ ಠಣ್ ಎಂದಿತು. ಎಲೆ ಇಡಿಯಾಗಿತ್ತು. ಆರು ವರ್ಷದ ನನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಒಬ್ಬ ಪ್ರಾಮಾಣಿಕ ನುಗ್ಗಿದ್ದ.

ಅದೇ ಸಂಜೆ ಐದು ಐವತ್ತಕ್ಕೆ ಠಾಣೆಗೆ ಬಂದು ಕೇಳಿದೆ. ಬರಹಗಾರರು ಮುಚ್ಚಿಡಲಿಲ್ಲ. ಹತ್ತನೇ ತಾರೀಖು ಮಧ್ಯಾಹ್ನ, ಇಂಥದ್ದು ಪೇಟೇಲಿ ನಡೆಯುತ್ತೋ ಇಲ್ಲವೋ ಎಂದು ಜೊತೆಯವರೊಂದಿಗೆ ಪಂಥ ಕಟ್ಟಿ, ಕೈಗೆ ಸಿಕ್ಕ ಒಂದನ್ನು ಎದುರಿನ ಚಹಾದಂಗಡಿಯಲ್ಲಿ ಕೊಟ್ಟರಂತೆ. ನಡೆಯಿತಂತೆ. ಆಮೇಲೆ ಪರರ ಸೊತ್ತು ಬೇಡವೆಂದು ತಮ್ಮ ಜೇಬಿನ ಅಸಲಿಯನ್ನು ಗುಳಿಯಲ್ಲಿಟ್ಟರಂತೆ. ನಿನಗೇನಮ್ಮ ನಷ್ಟ, ತೌಡು ಕೊಟ್ಟು ಅಕ್ಕಿ ತಗೊಂಡ ಹಾಗಾಯ್ತಲ್ಲ ಎಂದರು. ಆರು ವರ್ಷದಲ್ಲಿ ಈ ಟ್ರೇಯಿಂದ ಚಲಾವಣೆಗೆ ಹೋದ ನಾಣ್ಯ ಅದೊಂದೇ, ಯಾರ ಕೈಯಿಂದ ಹೋಯ್ತು ಅಂತ ತಾವೇ ಬರ್ಕೊಳ್ಳಿ ಎಂದು ವಿನಯದಿಂದ ತಿಳಿಸಿದೆ. ನಾಳೆ ಬಾ ಎಂದರು.

ಠಾಣೆಯಿಂದ ಚಹಾದಂಗಡಿಗೆ ನಲವತ್ತು ಹೆಜ್ಜೆ. ಅಂಗಡಿಯವರು, ಖೋಟಾ ಅಂತ ಗೊತ್ತಾಗದೇ ಇರೋಕೆ ನಾನೇನು ನಿನ್ನೆ ಒಲೆ ಹಚ್ಚಿದವನಾ, ಖಾಕಿ ಕೈಗೆ ಹೇಗಮ್ಮ ವಾಪಸ್ ಇಡೋದು ಎಂದು ನನ್ನನ್ನೇ ಕೇಳಿದರು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ ಎಂದು, ಹತ್ತನೇ ತಾರೀಖು ಸಂಜೆಯೇ ಸಾಹೇಬರ ಚಹಾದ ಚಿಲ್ಲರೆಯಲ್ಲಿ ಸೇರಿಸಿ ಕಳಿಸಿದರಂತೆ.

ಇಂದು ಹದಿಮೂರು. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಅರವತ್ತೊಂದಿರುವ ಟ್ರೇ ಹಿಡಿದು ಅಕ್ಕನೊಂದಿಗೆ ಬಂದೆ. ಅಕ್ಕ ಹೊರಗಿನ ಬೆಂಚಿನ ಮೇಲೆ, ಟಿಕೆಟ್ ಚೂರಿನ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಚಹಾದ ಚಿಲ್ಲರೆ ಮೇಜಿನ ಡ್ರಾಯರಿಗೆ ಬೀಳುತ್ತದೆ, ಅದನ್ನು ತಾವು ಮುಟ್ಟುವುದಿಲ್ಲ ಎಂದು ಸಾಹೇಬರು ಒಪ್ಪಿದರು. ಆದರೆ ಒಂದು ಹುಡುಗಿಯ ಮಾತಿಗೆ ಸರ್ಕಾರಿ ಡ್ರಾಯರು ತೆಗೆಯೋಕಾಗಲ್ಲ, ಬೇಕಾದ್ರೆ ಎರಡು ಒಳ್ಳೇ ನಾಣ್ಯ ತಗೊಂಡು ಹೊರಡು ಎಂದರು. ಒಳ್ಳೆಯವು ಊರಲ್ಲೆಲ್ಲ ಇವೆ ಸಾರ್, ನನಗೆ ನನ್ನ ಕೆಟ್ಟದ್ದೇ ಬೇಕು, ತೆಗೆಯೋಕಾಗಲ್ಲ ಅನ್ನೋದನ್ನೂ ಸೇರಿಸಿ ಹೇಳಿಕೆ ಬರೆಸಿಕೊಳ್ಳಿ ಎಂದೆ. ಹತ್ತೂಕಾಲಕ್ಕೆ ಬರವಣಿಗೆ ಶುರುವಾಯಿತು. ಬರೆಯುತ್ತಿರುವವರು ಮೇಲೆ ಹೇಳಿದ ಬರಹಗಾರರೇ.

ಚಹಾದಂಗಡಿಯ ಭಾಗ ಬರೆದು ಮುಗಿದಾಗ, ಹತ್ತು ಐವತ್ತಕ್ಕೆ, ಸಾಹೇಬರೇ ಎದ್ದು ಡ್ರಾಯರು ಎಳೆದರು. ಒಳಗೆ ಕೆಮ್ಮಿನ ಗುಳಿಗೆ, ಯಾವ ಬೀಗಕ್ಕೂ ಸೇರದ ಮೂರು ಕೀಲಿಕೈ ಮತ್ತು ಹತ್ತೊಂಬತ್ತು ನಾಣ್ಯಗಳಿದ್ದವು. ಒಂದೊಂದಾಗಿ ಕಲ್ಲಿನ ನೆಲಕ್ಕೆ ಹಾಕಿದೆ. ಹದಿಮೂರು ಠಣ್ ಎಂದವು. ಹದಿನಾಲ್ಕನೆಯದು ತಪ್ ಎಂದಿತು. ಹೊರಗಿದ್ದ ಅಕ್ಕ, ಯಾರೂ ಏನೂ ಹೇಳುವ ಮೊದಲೇ, ಬೆಂಚಿನಿಂದ ಎದ್ದು ನಿಂತಳು. ಕಾನೂನಿನ ಮರ್ಯಾದೆಗಾಗಿ ಉಳಿದ ಐದನ್ನೂ ಹಾಕಿದೆ. ಠಣ್ ಎಂದವು.

ಹದಿನಾಲ್ಕನೆಯದರ ಎಲೆ ಸೀಳಿರುವುದನ್ನು ಸಾಹೇಬರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬರಹಗಾರರಿಗೂ ತೋರಿಸಿದರು. ಪಟ್ಟಿಯ ವಿವರಕ್ಕೆ ಅದು ತಾಳೆಯಾಗಿದೆ. ಅದನ್ನು ಅದರ ಗುಳಿಗೆ ಸೇರಿಸಿಕೊಂಡಿದ್ದೇನೆ. ಬರಹಗಾರರ ಅಸಲಿ ನಾಣ್ಯವನ್ನು ಅವರಿಗೇ ಒಪ್ಪಿಸಿದ್ದೇನೆ. ನನಗೆ ಯಾರ ಮೇಲೂ ಸೇಡಿಲ್ಲ. ಜಪ್ತಿ ಪಟ್ಟಿಯ ಮತ್ತು ಈ ಹೇಳಿಕೆಯ ಮೊಹರು ಹಾಕಿದ ಪ್ರತಿ ಮಾತ್ರ ನಾಳೆ ಹತ್ತೂವರೆಯ ವಿಚಾರಣೆಗೆ ಮೊದಲೇ ಅಕ್ಕನ ಕೈಯಲ್ಲಿರಬೇಕು. ಅದನ್ನು ಕೊಡುವವರೆಗೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಇರುತ್ತೇವೆ.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ಒಂದು ಕಡೆ ‘ನಾಣ್ಯವು ಅಚಾತುರ್ಯದಿಂದ ಸ್ಥಳಾಂತರಗೊಂಡು’ ಎಂದಿದ್ದುದನ್ನು ಒಪ್ಪದೆ ಹೊಡೆದುಹಾಕಿಸಿ, ‘ಚಹಾದಂಗಡಿಯಲ್ಲಿ ಕೊಟ್ಟರಂತೆ’ ಎಂದು ಬರೆಸಿದ್ದೇನೆ. ಹೊಡೆದ ಜಾಗದಲ್ಲಿ ಬರಹಗಾರರ ಸಹಿಯಿದೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಅಸಲಿಯಾಗಿದೆ. ಅನುಮಾನವಿದ್ದವರು ಕಲ್ಲಿನ ಮೇಲೆ ಹಾಕಿ ನೋಡಬಹುದು.

ಸ್ಥಳ: ಠಾಣೆ, ಬರಹಗಾರರ ಮೇಜು
ತಾರೀಖು: 13, ಬೆಳಿಗ್ಗೆ 11.25
ಸಹಿ: ಹೇಳಿಕೆ ಕೊಟ್ಟವಳು