ಎಡಕ್ಕೆ ಸುತ್ತಿದ ಟೇಪು

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ರಾತ್ರಿ ಹನ್ನೊಂದು ದಾಟಿತ್ತು. ಕಾರು ವೈರಿಂಗ್ ಅಂಗಡಿಯ ಶಟರ್ ಎಳೆದು ಅವಳು ಮನೆಗೆ ಹೊರಟಿದ್ದಳು. ಅಂಗಡಿ ಹಿಂದೆಯೇ ಹಾಳುಬಾವಿ. ಅದನ್ನು ದಾಟುವಾಗ...

ಕೆರ್ರ್...

ರೋಲಿನಿಂದ ಟೇಪು ಎಳೆದ ಸದ್ದು. ಬೀಗ ಹಾಕಿದ ಅಂಗಡಿಯೊಳಗಿಂದ. ಆಮೇಲೆ, ಟಕ್. ಒಳಗೆ ನಿಲ್ಲಿಸಿದ್ದ ಕಾರಿನ ಬಾಗಿಲಿಗೆ ಬೀಗ ಬಿದ್ದ ಸದ್ದು. ರಿಮೋಟ್ ಅವಳ ಮುಷ್ಟಿಯಲ್ಲೇ ಇತ್ತು.

ಬಾವಿಕಟ್ಟೆಯಲ್ಲಿ ಕೂತಿದ್ದ ಕಾವಲುಗಾರ ಪಿಸುಗುಟ್ಟಿದ. "ಅಕ್ಕಾ... ಹೋಗ್ಬೇಡಿ."

"ನಿಮಗೂ ಕೇಳಿಸ್ತಾ?"

"ಹ್ಞೂಂ..."

"ಹಾಗಾದ್ರೆ ಹೋಗ್ಲೇಬೇಕು."

ಯಾಕೆ ಅಂತೀರಾ? ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ತೀರಿಕೊಂಡು ಮೂರು ತಿಂಗಳಾಗಿತ್ತು. ಎಡಚ ಮನುಷ್ಯ, ವೈರಿಗೆ ಟೇಪನ್ನೂ ಎಡಕ್ಕೇ ಸುತ್ತುವವರು. ಅಂಗಡಿ ಇವಳಿಗೇ ಅಂತ ಹೇಳಿಹೋಗಿದ್ದರು. ಅವರ ತಮ್ಮನಿಗೆ ಅದು ಸುತರಾಂ ಒಪ್ಪಿಗೆ ಇರಲಿಲ್ಲ. "ನಾಳೆ ಈ ಕಾರು ನಾನೇ ನೋಡ್ತೀನಿ. ಒಂದು ಬಾಗಿಲು ತಪ್ಪಿದ್ರೂ ಅಂಗಡಿ ಕೀ ಕೊಟ್ಟು ಹೋಗ್ತಾ ಇರಮ್ಮ" ಅಂದಿದ್ದ.

ಕೆಲಸ ಏನಂದರೆ, ರಿಮೋಟಿನಿಂದಲೇ ಬೀಗ ಬೀಳುವ ಹಾಗೆ ಮಾಡುವುದು. ಅದಕ್ಕೆ ಬಾಗಿಲಿಗೊಂದು ಡಯೋಡ್ ಬೇಕು. ಅಕ್ಕಿಕಾಳಿನಷ್ಟು ಸಾಮಾನು, ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ತುದಿಯಲ್ಲೊಂದು ಬೆಳ್ಳಿ ಗೆರೆ. ಸರಿ ಇದ್ದರೆ, ಬಾಗಿಲು ತೆರೆದಿರುವಾಗ ರಿಮೋಟ್ ಒತ್ತಿದೊಡನೆ, ಬಾಗಿಲು ಮುಚ್ಚಿಲ್ಲ ಅಂತ ಕಾರು ಪೀಂ ಎಂದು ಕೂಗುತ್ತದೆ. ಗೆರೆ ತಿರುಗಿದ್ದರೆ ತೆಪ್ಪಗೆ ಬೀಗ ಬೀಳುತ್ತದೆ.

ಮೇಸ್ತ್ರಿಗೆ ಒಂದು ಚಾಳಿ ಇತ್ತು. ಇವಳು ಕೆಲಸ ಮುಗಿಸಿ ಹೋದ ಮೇಲೆ ಒಂದು ಡಯೋಡ್ ಉಲ್ಟಾ ಹಾಕಿಟ್ಟು, ಬೆಳಗ್ಗೆ "ಹುಡುಕು" ಅನ್ನುವುದು. ಮಧ್ಯಾಹ್ನದವರೆಗೂ ಅಳಿಸುತ್ತಿದ್ದರು.

ಅವಳು ಶಟರ್ ಎತ್ತಿದಳು. ಯಾರೂ ಇಲ್ಲ. ಭಯ ಇತ್ತು, ನಿಜ. ಸಿಟ್ಟು ಮಾತ್ರ ಅದಕ್ಕಿಂತ ಒಂದು ಕೈ ಮೇಲೆ. ಒಂದೊಂದೇ ಬಾಗಿಲು ತೆರೆದು ರಿಮೋಟ್ ಒತ್ತಿದಳು.

ಪೀಂ. ಪೀಂ. ಪೀಂ.

ನಾಲ್ಕನೆಯದು... ಟಕ್. ಅಷ್ಟೇ.

ಆ ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿದಳು. ಟೇಪು ಎಡಕ್ಕೆ ಸುತ್ತಿತ್ತು. ಒಳಗೆ ಗೆರೆ ತಿರುಗಿತ್ತು. ಬೆಸುಗೆ ಇನ್ನೂ ಬಿಸಿ. ಸೋಲ್ಡರಿಂಗ್ ಕಡ್ಡಿ ಅವಳ ಚೀಲದಲ್ಲಿ ತಣ್ಣಗೆ ಕೂತಿತ್ತು.

"ಮೇಸ್ತ್ರೀ!" ಕತ್ತಲಿಗೇ ಕೂಗಿದಳು. "ಸತ್ತ ಮೇಲಾದ್ರೂ ಸುಮ್ನೆ ಮಲಗೋಕಾಗಲ್ವಾ? ಮುಂಚೆ ಅರ್ಧ ದಿನ ಹಿಡೀತಿತ್ತು, ಈಗ ಹತ್ತು ನಿಮಿಷ ಸಾಕು. ಎಷ್ಟು ಸಲ ತಿರುಗಿಸ್ತೀರೋ ತಿರುಗಿಸಿ, ಅಷ್ಟು ಸಲ ಸರಿ ಮಾಡ್ತೀನಿ. ಅಂಗಡಿ ಬಿಡಲ್ಲ!"

ಗೆರೆ ಸರಿಮಾಡಿ, ತನ್ನ ರೂಢಿಯಂತೆ ಟೇಪನ್ನು ಬಲಕ್ಕೆ ಸುತ್ತಿ, ಪಟ್ಟಿ ಮುಚ್ಚಿ, ಬೀಗ ಹಾಕಿ, ಹಿಂದಿರುಗಿ ನೋಡದೆ ಮನೆಗೆ ಹೋದಳು.

ಬೆಳಗ್ಗೆ ತಮ್ಮ ಬಂದ. ನಾಲ್ಕು ಬಾಗಿಲು, ನಾಲ್ಕು ಪೀಂ. ಮುಖ ಹುಳ್ಳಗೆ ಮಾಡಿಕೊಂಡು ಹೋದವನು ಇವತ್ತಿಗೂ ಆ ಕಡೆ ತಲೆ ಹಾಕಿಲ್ಲ.

ಹೋದ ವರ್ಷ ಅದೇ ಕಾರು ದೀಪದ ಕೆಲಸಕ್ಕೆ ಬಂದಿತ್ತು. ಪಟ್ಟಿಗಳನ್ನು ಬಿಚ್ಚಿದೆವು. ಮೂರು ಟೇಪು ಬಲಕ್ಕೆ. ನಾಲ್ಕನೆಯದು ಎಡಕ್ಕೆ...

ಒಳಗೆ ಬೆಳ್ಳಿ ಗೆರೆ ಮಾತ್ರ ಅವಳಿಟ್ಟ ಹಾಗೇ ಇತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಟಾರ್ಚು ಹಿಡಿದುಕೊಂಡಿದ್ದವಳು ನಾನೇ.